ಅಕ್ಕ ಕೇಳಿದ್ದು

ನಮ್ಮಪ್ಪನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ, ಹೊಲದಲ್ಲಿ, ಬಟ್ಟೆ ಅಂಗಡಿಯಲ್ಲಿ ಆಡುವುದು ಕನ್ನಡವೇ. ಆದರೆ ನಿಜಾಮರ ಕಾಲದ ಶಾಲೆಯಲ್ಲಿ ಕಲಿತವರು, ಓದುಬರಹವೆಲ್ಲ ಉರ್ದು. ನಮ್ಮೂರು ಬಸವಕಲ್ಯಾಣ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಶಾಲೆಗೆ ಹೋದವಳು ನಾನು. ಕನ್ನಡ ಕಲಿತೆ, ಹುಮನಾಬಾದಿನಲ್ಲಿ ಶಿಕ್ಷಕಿಯಾದೆ, ಕಥೆ ಬರೆಯತೊಡಗಿದೆ. ನನ್ನ ಮೊದಲ ಕಥೆ ಅಚ್ಚಾದ ವಾರಪತ್ರಿಕೆಯನ್ನು ಅಪ್ಪನ ಕೈಗಿಟ್ಟಾಗ ಅವರು ಉರ್ದು ಪುಸ್ತಕ ತೆರೆಯುವ ಹಾಗೆ ಹಿಂದಿನ ಪುಟದಿಂದ ತೆರೆದರು. ಎರಡು ಪುಟ ಮಗುಚಿ, ನಕ್ಕು, ನನಗೇ ಮರಳಿ ಕೊಟ್ಟರು.

"ನೀನೇ ಓದಿ ಹೇಳವ್ವ. ನಾ ಕೇಳ್ತೀನಿ."

ಅಂದಿನಿಂದ ಅದೊಂದು ರೂಢಿಯಾಯಿತು. ರವಿವಾರ ಹುಮನಾಬಾದಿನಿಂದ ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆ. ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದರು, ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳದ ಜೊತೆಗೇ ನಾನು ಓದುತ್ತಿದ್ದೆ. ಒಳ್ಳೆಯ ವಾಕ್ಯ ಬಂದಲ್ಲಿ ಅಪ್ಪ ಮುಶಾಯಿರಾದಲ್ಲಿ ಉರ್ದು ಕವಿತೆ ಕೇಳುತ್ತ ಕೂತವರಂತೆ "ವಾಹ್ವಾ" ಅನ್ನುತ್ತಿದ್ದರು. ಆ ವಾಹ್ವಾ ನನ್ನನ್ನು ಕೊಬ್ಬಿಸಿತು. ಕಥೆಯನ್ನು ಎಲ್ಲಿ ಶುರು ಮಾಡಬೇಕು, ಎಲ್ಲಿ ತಡೆಹಿಡಿಯಬೇಕು, ಕೊನೆಗೆ ಯಾರನ್ನು ಸಾಯಿಸಬೇಕು, ಎಲ್ಲ ಬೇಗ ಕರಗತವಾಗಿತ್ತು. ನನ್ನ ಕಥೆಗಳಲ್ಲಿ ಸಾಯುವವರಿಗೆ ಬರವಿರಲಿಲ್ಲ.

ಅವ್ವ ಮಾತ್ರ ಏನೂ ಅನ್ನುತ್ತಿರಲಿಲ್ಲ. ಒಂದು ರವಿವಾರ ತಡೆಯಲಾರದೆ ನಾನೇ ಕೇಳಿದೆ, ಕಥೆ ಹ್ಯಾಂಗಿತ್ತು ಎಂದು. ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಹೇಳಿದಳು:

"ಚಲೋ ಅದ. ನಿನ್ನ ಕಥ್ಯಾಗ ಮಂದಿ ಭಾಳ ಚಂದ ಸಾಯ್ತಾರ ನೋಡು."

ಸಿಟ್ಟು ನೆತ್ತಿಗೇರಿತು. ಓದು ಬಾರದವಳು, ಇವಳಿಗೇನು ತಿಳಿಯುತ್ತದೆ ಎಂದು ಬಸ್ಸಿನ ತುಂಬ ಗೊಣಗಿಕೊಂಡು ಹೋದೆ. ಆದರೆ ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ಚಂದವಲ್ಲದ ಸಾವು ನನಗೂ ಒಂದು ಗೊತ್ತಿತ್ತು. ಅದನ್ನು ನಾನು ಮುಟ್ಟಿರಲೇ ಇಲ್ಲ.

ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅಕ್ಕ ಜ್ವರದಿಂದ ತೀರಿಕೊಂಡಳು. ಅವಳಿಗೆ ಹನ್ನೊಂದು ವರ್ಷ. ತಮ್ಮ ಹುಟ್ಟಿ ವಾರವೂ ಆಗಿರಲಿಲ್ಲ. ಹಸಿ ಬಾಣಂತಿ ಹೊಸ್ತಿಲು ದಾಟಬಾರದು ಎಂದು ಹಿರಿಯರು ಅವ್ವನನ್ನು ಒಳಗೇ ಕೂಡಿಸಿದರು. ಅಪ್ಪ ಹೊಲದ ಬಂಡಿಯಲ್ಲಿ ಹುಲ್ಲು ಹಾಸಿ, ಕೌದಿ ಹೊದಿಸಿ, ಅಕ್ಕನನ್ನು ಮಲಗಿಸಿಕೊಂಡು ಒಬ್ಬರೇ ಹೊರಟರು. ಹೈದರಾಬಾದ್ ರಸ್ತೆಯ ತನಕ ಬಂಡಿ, ಅಲ್ಲಿಂದ ಬಸ್ಸು ಹಿಡಿದು ಹುಮನಾಬಾದಿನ ದವಾಖಾನೆಗೆ ಹೋಗುವುದು ಎಂದಿತ್ತು. ರಸ್ತೆ ಮುಟ್ಟುವ ಮೊದಲೇ ಎಲ್ಲ ಮುಗಿಯಿತು. ತಿರುಗಿ ಬಂದ ಅಪ್ಪ ಅವ್ವನಿಗೆ ಹೇಳಿದ್ದು ಇಷ್ಟೇ: "ನಿದ್ದಿ ಹತ್ತಿತ್ತು ಆಕಿಗೆ. ಏನೂ ಅನ್ನಲಿಲ್ಲ." ಆಮೇಲೆ ನಮ್ಮ ಮನೆಯಲ್ಲಿ ಅಕ್ಕನ ಮಾತೇ ನಿಂತುಹೋಯಿತು.

ಬಂಡಿ ಓಣಿ ತಿರುಗುವ ತನಕ ನಾನು ಕಂಡಿದ್ದೆ. ಮುಂದಿನ ದಾರಿ ಕಂಡವರು ಅಪ್ಪನೊಬ್ಬರೇ. ಆ ದಾರಿಯನ್ನು ನಾನು ಕಲ್ಪಿಸಿ ಬರೆದೆ. ಸಾಯುವವರಿಗೆ ಒಂದು ಸಣ್ಣ ಆಸೆ ಇಡಬೇಕು ಎಂಬುದು ನನಗೆ ರೂಢಿಯಾಗಿದ್ದ ಕಸುಬು. ಅಕ್ಕನ ಬಾಯಲ್ಲಿ ನೀರು ಕೇಳಿಸಿದೆ. ಅಪ್ಪ ಬಂಡಿ ನಿಲ್ಲಿಸಿ ಬಾವಿಗೆ ಇಳಿಯುತ್ತಾರೆ, ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಮಗಳಿಲ್ಲ. ಬರೆದು ಮುಗಿಸಿ ಅತ್ತೆ. ಅಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ.

ಅದನ್ನು ಅಪ್ಪನೆದುರು ಓದಲೋ ಬೇಡವೋ ಎಂದು ಎರಡು ರವಿವಾರ ತಪ್ಪಿಸಿದೆ. ಮೂರನೆಯದಕ್ಕೆ ಓದಿದೆ. ಬಂಡಿ ಊರು ಬಿಡುವ ತನಕ ದನಿ ಸರಿಯಿತ್ತು. ಬಾವಿಯ ಹತ್ತಿರ ಬಂದಾಗ ನಾಲ್ಕು ಸಾಲು ಹಾರಿಸಿ ಮುಂದೆ ಹೋದೆ.

"ನಡುವ ಏನೋ ಬಿಟ್ಟಿ," ಅಂದರು ಅಪ್ಪ. "ಓದು."

ಓದಿದೆ. ವಾಹ್ವಾ ಬರಲಿಲ್ಲ. ಅಪ್ಪ ತಮ್ಮ ಅಂಗೈ ನೋಡಿಕೊಂಡು ಹೇಳಿದರು:

"ನೀರು ಕೇಳಲಿಲ್ಲವ್ವ ಆಕಿ. 'ಬಂಡಿ ತಿರುಗಸ್ರಿ ಅಪ್ಪಾ, ಅವ್ವನ ಬಲ್ಲಿ ಹೋಗ್ತೀನಿ' ಅಂದ್ಲು. ಅದನ್ನೇ ಅಂದ್ಲು, ಮತ್ತ ಮತ್ತ. ದವಾಖಾನಿ ಬಂತು ನೋಡು ಅಂತ ಸುಳ್ಳು ಹೇಳ್ದೆ. ಎತ್ತಿಗಿ ಹೊಡದೆ. ತಿರುಗಸ್ಲಿಲ್ಲ ನಾ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಯಾವಾಗ ನಿಂತಿತೋ ತಿಳಿಯದು. ಹಿಟ್ಟಿನ ಕೈಯಲ್ಲೇ ಅವ್ವ ಬಾಗಿಲಿಗೆ ಬಂದು ನಿಂತಿದ್ದಳು.

"ಏನೂ ಅನ್ನಲಿಲ್ಲ ಅಂದಿದ್ರಿ."

"ಹಸಿ ಬಾಣಂತಿ ಇದ್ದಿ ನೀ. ಹ್ಯಾಂಗ ಹೇಳ್ಲಿ?"

"ಆಮ್ಯಾಲ?"

ಅವ್ವ ಅಲ್ಲೇ ಕೂತಳು. "ಹೋಗೋ ಮುಂದ ಮಗಳು ನನ್ನ ನೆನಸಲೇ ಇಲ್ಲ ಅಂತ ತಿಳಕೊಂಡಿದ್ನಲ್ರಿ ಇಷ್ಟು ವರ್ಷ," ಅಂದಳು. ಬೈಯಲಿಲ್ಲ, ಚೀರಲಿಲ್ಲ. ಒಳಗೆ ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದ ವಾಸನೆ ಮನೆಯೆಲ್ಲ ಹಬ್ಬಿತು, ಯಾರೂ ಏಳಲಿಲ್ಲ. ಕೊನೆಗೆ ಅವ್ವ ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು.

"ಆ ಮಾತು ಕಥ್ಯಾಗ ಹಾಕಬ್ಯಾಡ. ಅದು ನಂದು."

ಹಾಕಲಿಲ್ಲ. ಹಾಕಿದ್ದರೆ ಕಥೆ ಎಷ್ಟು ಎತ್ತರಕ್ಕೆ ಏರುತ್ತಿತ್ತೆಂದು ನನ್ನ ಕಸುಬಿಗೆ ಗೊತ್ತಿತ್ತು, ಕೈ ತುರಿಸುತ್ತಿತ್ತು. ಆದರೂ ಬಾವಿ, ತಂಬಿಗೆ ಹಾಗೇ ಅಚ್ಚಿಗೆ ಹೋದವು. ಓದಿದವರು ಕಣ್ಣೀರು ಬಂತು ಎಂದರು. ನನಗೆ ಬರಲಿಲ್ಲ. ಅದಾದ ಮೇಲೆ ಬಹಳ ದಿನ ನನ್ನಿಂದ ಒಂದು ಸಾವನ್ನೂ ಬರೆಯಲಾಗಲಿಲ್ಲ. ಬರೆಯಲು ಕೂತರೆ, ಇವರು ಖರೇ ಏನಂದಿರಬೇಕು, ಅದು ಯಾರದ್ದು ಎಂಬ ಪ್ರಶ್ನೆಯೇ ಎದುರಿಗೆ ನಿಲ್ಲುತ್ತಿತ್ತು. ಬರವಣಿಗೆ ಕಡಿಮೆಯಾಯಿತು. ಕಥೆಗಳು ಒಣಗಿವೆ ಎಂದವರೂ ಇದ್ದಾರೆ. ಇರಬಹುದು.

ಮನೆಯಲ್ಲಿ ರವಿವಾರದ ಓದು ನಿಂತಿತು. ಅದರ ಬದಲು ಅವ್ವ ಅಪ್ಪನನ್ನು ಕೇಳುತ್ತಿದ್ದಳು, "ಆಕಿ ಏನಂದ್ಲು, ಇನ್ನೊಮ್ಮೆ ಹೇಳ್ರಿ." ಅಪ್ಪ ಹೇಳುತ್ತಿದ್ದರು. ಪ್ರತಿ ಸಲ ಅವೇ ಮಾತು. ಅಪ್ಪ ತೀರಿದ ಮೇಲೆ ಆ ಪಾಳಿ ನನಗೆ ಬಂತು. ಒಂದು ಶಬ್ದ ಸೇರಿಸದೆ, ಒಂದು ಬಿಡದೆ ಹೇಳಲು ಕಲಿತೆ. ನನಗೆ ಅದಕ್ಕಿಂತ ಕಷ್ಟದ ಪಾಠ ಸಿಕ್ಕಿಲ್ಲ.

ಈಗ ಅವ್ವನೂ ಇಲ್ಲ. ಆ ಮಾತು ಬಲ್ಲವಳು ನಾನೊಬ್ಬಳೇ ಉಳಿದೆ, ನನ್ನ ಜೊತೆಗೆ ಅದೂ ಹೋಗಿಬಿಡುತ್ತದೆ ಎಂಬ ಹೆದರಿಕೆ. ಇದು ಕಥೆಯಲ್ಲ ಎಂಬ ಧೈರ್ಯದ ಮೇಲೆ ಇಲ್ಲಿ ಬರೆದೆ. ಅವ್ವನ ಕೊನೆಯ ದಿನಗಳು ಹುಮನಾಬಾದಿನ ನನ್ನ ಮನೆಯಲ್ಲೇ ಕಳೆದವು. ಮಾತು ಕ್ಷೀಣವಾಗಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಕೈ ತಡೆದು ಕೇಳಿದಳು, "ಆಕಿ ಏನಂದ್ಲು?"

"ಬಂಡಿ ತಿರುಗಸ್ರಿ ಅಪ್ಪಾ, ಅವ್ವನ ಬಲ್ಲಿ ಹೋಗ್ತೀನಿ ಅಂದ್ಲು," ಎಂದೆ.

ಅವ್ವ ತಲೆಯಾಡಿಸಿದಳು. "ಬರಾಕತ್ತೀನಿ ಅಂತ ಹೇಳು," ಅಂದಳು.