ಬುಷ್‌ಗೆ ಎರಡು ದಿನ ರಜೆ

ಹರಿಹರದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇತ್ತು. ಕಾರಿನ ಬಿಡಿಭಾಗ ತಯಾರಿಸುವ ವಿದೇಶಿ ಕಂಪನಿಗೆ ಬುಷ್ ಮಾಡಿಕೊಡುತ್ತಿದ್ದೆವು. ಬುಷ್ ಎಂದರೆ ಉಕ್ಕಿನ ಗಿಡ್ಡ ಕೊಳವೆ, ಗೋಡೆ ಬಳೆಯಷ್ಟು ತೆಳು. ಮಾಲೀಕ ನಾನು, ಕೆಲಸ ಬಲ್ಲವರು ಲೇತ್ ಯಂತ್ರ ನಡೆಸುತ್ತಿದ್ದ ಚಾಚಾ. ಇದು ಊರಿಗೆಲ್ಲ ಗೊತ್ತಿತ್ತು. ಅದಕ್ಕೇ ನನಗೆ ಒಳಗೊಳಗೆ ಉರಿಯುತ್ತಿತ್ತು.

ಬೇರೆ ಕಡೆ ಬುಷ್ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಕೊರೆದ ಉಕ್ಕು ನಿಧಾನಕ್ಕೆ ಬಾಗಿ, ಮಾರನೆಯ ದಿನ ಅಳೆದರೆ ತೂತು ಮೊಟ್ಟೆಯಾಕಾರ. ಚಾಚಾ ಮಾತ್ರ ಒರಟಾಗಿ ಕೊರೆದು, ಎರಡು ದಿನ ಗೋಣಿಚೀಲದ ಮೇಲೆ ಹರವಿಟ್ಟು, ಆಮೇಲೆ ಕೊನೆಯ ಕೊರೆತ ಕೊಡುತ್ತಿದ್ದರು. ಬುಷ್‌ಗೆ ರಜೆ ಕೊಡ್ತಾರೆ, ನಮಗೆ ಕೊಡಲ್ಲ ಎಂದು ಕೆಲಸಗಾರರು ನಗುತ್ತಿದ್ದರು. ಚಾಚಾ ಮಾಡಿದ ಮಾಲು ಒಮ್ಮೆಯೂ ವಾಪಸ್ ಬರಲಿಲ್ಲ.

ಕಂಪನಿಯ ಎಂಜಿನಿಯರುಗಳು ಬಂದರು. ದಾವಣಗೆರೆಗೆ ಕರೆದೊಯ್ದು ಬೆಣ್ಣೆ ದೋಸೆ ತಿನ್ನಿಸಿದೆ. ಕೆಲಸದ ವಿಧಾನ ಪೂರ್ತಿ ಬರೆದುಕೊಡಿ ಎಂದರು. ಚಾಚಾ ಒಪ್ಪಲಿಲ್ಲ.

"ಬರೆಯೋದು ಬ್ಯಾಡ್ರಿ. ಬೇಕಂದ್ರ ಬಂದು ನೋಡ್ಕೊಂಡು ಹೋಗ್ಲಿ."

ನಾನು ನಕ್ಕೆ. ಬರೆದುಕೊಟ್ಟರೆ ಆರ್ಡರ್ ಗಟ್ಟಿಯಾಗುತ್ತದೆ ಎಂದು ಬುದ್ಧಿ ಹೇಳಿದೆ. ಮೂರು ದಿನ ಅವರ ಪಕ್ಕದಲ್ಲಿ ಕೂತು, ಕೇಳಿ ಕೇಳಿ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಕಂಪನಿಗೆ ಕೊಟ್ಟೆ.

ಮರುವರ್ಷ ಕಂಪನಿ ಪಕ್ಕದ ರಾಜ್ಯದ ಬಂದರಿನ ಹತ್ತಿರ ಕಾರ್ಖಾನೆ ತೆರೆಯಿತು. ಇನ್ನು ಮುಂದೆ ಬುಷ್ ಅಲ್ಲೇ ತಯಾರಾಗುತ್ತದೆ, ಇಷ್ಟು ದಿನದ ಸಹಕಾರಕ್ಕೆ ವಂದನೆ ಎಂದು ಪತ್ರ ಬಂತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಕೋಡಂಗಿ ನಾನೊಬ್ಬನೇ ಆಗಿದ್ದರೆ ಚಿಂತೆಯಿರಲಿಲ್ಲ. ಲೇತುಗಳನ್ನು ಮಾರಿದೆ. ಚಾಚಾ ತಮ್ಮೂರು ಭಾನುವಳ್ಳಿಗೆ ಹೋಗಿ ಟ್ರಾಕ್ಟರ್ ಟ್ರೇಲರುಗಳಿಗೆ ವೆಲ್ಡಿಂಗ್ ಮಾಡತೊಡಗಿದರು. ಅಂಥ ಕೈಗೆ ಇಂಥ ಕೆಲಸ. ನಾಚಿಕೆಯಿಂದ ನಾನು ಆ ಕಡೆ ಹೋಗಲೇ ಇಲ್ಲ.

ಹೋದ ಬೇಸಿಗೆಯಲ್ಲಿ ಆ ಕಾರ್ಖಾನೆಯಿಂದ ಫೋನ್ ಬಂತು. ಎರಡು ದಿನ ಇಟ್ಟರೂ ಬುಷ್ ಮೊಟ್ಟೆಯಾಗುತ್ತಿವೆಯಂತೆ, ಏನು ಮಾಡಬೇಕು ಎಂದು ಕೇಳಿದರು. ನನಗೇನು ಗೊತ್ತು? ವಿಚಾರಿಸಿ ಹೇಳುತ್ತೇನೆಂದೆ. ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಭಾನುವಳ್ಳಿಗೆ ಹೊರಟೆ.

ಚಾಚಾ ಕುರ್ಚಿ ಹಾಕಿದರು, ಚಹಾ ತರಿಸಿದರು. ಮೊಮ್ಮಕ್ಕಳ ಸುದ್ದಿ ಹೇಳಿದರು. ನಾನು ಬುಷ್ ವಿಷಯ ತೆಗೆದೆ. ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡರು.

"ಅವ್ರು ನಿಮಗ್ಯಾಕ ಫೋನ್ ಮಾಡಿದ್ರು?"

ನಾನು ಬರೆದುಕೊಟ್ಟ ಹಾಳೆಯ ಕೊನೆಯಲ್ಲಿ ತಯಾರಿಸಿದವರು ಎಂಬ ಜಾಗವಿತ್ತು, ಅಲ್ಲಿ ನನ್ನ ಹೆಸರಿದೆ ಎಂದೆ. ಸುಳ್ಳು ಹೇಳಲಾಗಲಿಲ್ಲ.

"ನನ್ ಹೆಸರು ಎಲ್ಲೈತೆ?"

ಎಲ್ಲೂ ಇಲ್ಲ ಎಂದೆ.

"ಹಂಗಾರೆ ನೀವೇ ಹೇಳ್ರಿ ಅವರಿಗೆ. ಚಾ ಆರ್ತೈತೆ, ಕುಡೀರಿ."

ಸಿಟ್ಟಿಲ್ಲದೆ ಹೇಳಿ ಕೆಲಸಕ್ಕೆ ತಿರುಗಿದರು. ಕ್ಷಮೆ ಕೇಳಲು ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡಿದ್ದೆ. ಅಲ್ಲಿ ಕೂತು ಕೇಳಿದ್ದು ಬುಷ್ ವಿಷಯವೊಂದನ್ನೇ.