ಅಕ್ಕನ ಪುಡಿಯೊಳಗಿನ ಐದು ಹೆಸರುಗಳು

ನನ್ನ ಮೊಣಕಾಲಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲ ರಾದ್ಧಾಂತ ಶುರುವಾದದ್ದು ಅಲ್ಲಿಂದ. ನಂದೂರಿನ ಬೇಳೆ ಮಿಲ್ಲಿನಲ್ಲಿ ಫಿಟ್ಟರ್ ಕೆಲಸ ನನ್ನದು. ಕಬ್ಬಿಣದ ಏಣಿ ಹತ್ತಿ ಇಳಿದು ಐವತ್ತೆರಡನೇ ವಯಸ್ಸಿಗೇ ಎರಡೂ ಮೊಣಕಾಲು ಕೈಕೊಟ್ಟವು. ಯಂತ್ರ ಕಿರುಗುಟ್ಟಿದರೆ ಯಾವ ಬೇರಿಂಗ್ ಎಂದು ದೂರದಿಂದಲೇ ಹೇಳುವವನು ನಾನು. ನನ್ನ ಕಾಲು ಕಿರುಗುಟ್ಟಿದಾಗ ಮಾತ್ರ ಡಾಕ್ಟರ ಹತ್ತಿರ ಹೋಗದೆ ಕಮಲಾಪುರದ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಕ್ಕ ಇದ್ದಾಳೆ.

ಅಕ್ಕನಿಗೆ ಕೆಂಪು ಬಾಳೆಯ ತೋಟವಿತ್ತು, ಮೊಮ್ಮಕ್ಕಳಿದ್ದರು, ಮತ್ತು ಒಂದು ಪುಡಿ ಇತ್ತು. ಐದು ಬಗೆಯ ಬೇರು, ಎಲೆ ಒಣಗಿಸಿ ಕುಟ್ಟಿ ಮಾಡುವ ಆ ಪುಡಿ ನಮ್ಮ ಅವ್ವನಿಂದ ಅವಳಿಗೆ ಬಂದದ್ದು. ಮಹಾಗಾಂವದಿಂದಲೂ ಕೀಲುನೋವಿನವರು ಟೆಂಪೊ ಹಿಡಿದು ಬರುತ್ತಿದ್ದರು. ಅವಳು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದೇ ಕಟ್ಟುಪಾಡು: ಯಾವ ಗಿಡ ಎಂದು ಹೆಸರು ಹೇಳಬಾರದು. ಹೆಸರು ಬಾಯಿಂದ ಹೊರಬಿದ್ದರೆ ಔಷಧದ ಗುಣ ಹೋಗುತ್ತದೆ, ಆಮೇಲೆ ಆ ಕೈಯಿಂದ ಯಾರಿಗೂ ವಾಸಿಯಾಗುವುದಿಲ್ಲ ಎಂದು ನಂಬಿಕೆ. ಅವ್ವ ಸಾಯುವ ಮುಂಚೆ ಅಕ್ಕನನ್ನು ಮಾತ್ರ ಒಳಗೆ ಕರೆದು, ಕಿವಿಯಲ್ಲಿ ಹೆಸರು ಹೇಳಿ, ಆಣೆ ಹಾಕಿಸಿಕೊಂಡಿದ್ದಳು. ಬಾಗಿಲ ಹೊರಗೆ ನಿಂತಿದ್ದ ನನಗೆ ಆಗ ಬಂದ ಹೊಟ್ಟೆಕಿಚ್ಚು ಇನ್ನೂ ನೆನಪಿದೆ.

"ಒಂಬತ್ತು ದಿನ ತಗೋ. ಆಮ್ಯಾಲ ನಿಂದ್ರಸು," ಎಂದು ಹೇಳಿಯೇ ಅಕ್ಕ ಪುಡಿ ಕೊಟ್ಟಳು.

ಒಂಬತ್ತು ದಿನಕ್ಕೆ ನೋವು ತಗ್ಗಿತು. ನಾನು ನಿಲ್ಲಿಸಲಿಲ್ಲ. ದಿನ ಬೆಳಗಾದರೆ ಯಂತ್ರಕ್ಕೆ ಗ್ರೀಸ್ ಹಚ್ಚುವವನಿಗೆ, ಒಳ್ಳೆಯದನ್ನು ಒಂಬತ್ತೇ ದಿನಕ್ಕೆ ಬಿಡು ಎಂದರೆ ತಲೆಗೆ ಹೋಗುವುದಾದರೂ ಹೇಗೆ? ಮಿಲ್ಲಿನ ಗೆಳೆಯರಿಗೆ ಬೇಕು ಎಂದು ಅಕ್ಕನಿಗೆ ಸುಳ್ಳು ಹೇಳಿ ಡಬ್ಬಿಗಟ್ಟಲೆ ತಂದೆ. ಬೆಳಿಗ್ಗೆ ಸಂಜೆ ಬಿಸಿನೀರಿನಲ್ಲಿ ಕಲಸಿಕೊಂಡು ಐದು ತಿಂಗಳು ಕುಡಿದೆ. ಅಷ್ಟು ಕಹಿ ಇರುವುದು ಕೆಟ್ಟದ್ದು ಮಾಡಲಾರದು ಎಂದೇ ನನ್ನ ತಿಳಿವಳಿಕೆ.

ಮೊದಲು ಚಪ್ಪಲಿ ಬಿಗಿಯಾಯಿತು. ಆಮೇಲೆ ಬಾಯಿರುಚಿ ಹೋಯಿತು. ಹೆಂಡತಿ ಎಣಗಾಯಿ ಮುಂದಿಟ್ಟರೆ ಓಕರಿಕೆ ಬರುತ್ತಿತ್ತು. ಒಂದು ಬೆಳಿಗ್ಗೆ ಅವಳು ನನ್ನನ್ನೇ ದಿಟ್ಟಿಸಿ, "ಕನ್ನಡಿ ನೋಡ್ಕೊಂಡೀರೇನ್ರಿ? ಮುಖ ಪೂರಿ ಉಬ್ಬಿದಂಗ ಉಬ್ಬ್ಯಾದ," ಎಂದವಳೇ ನಾವಿರುವ ಐವಾನ್-ಎ-ಶಾಹಿ ಬಡಾವಣೆಯ ಮೂಲೆಯಿಂದ ಆಟೊ ಕರೆದು ಆಸ್ಪತ್ರೆಗೆ ಎಳೆದೊಯ್ದಳು.

ಅಲ್ಲಿನ ಡಾಕ್ಟರಿಗೆ ನನ್ನ ಮಗಳ ವಯಸ್ಸು. ರಕ್ತದ ರಿಪೋರ್ಟು ನೋಡಿ ಕೇಳಿದರು: "ಕಾಕಾ, ನಿಮ್ಮ ಕಿಡ್ನಿಗಿ ಭಾಳ ಪೆಟ್ಟು ಬಿದ್ದದ. ಬ್ಯಾರೆ ಏನರ ಔಷಧ ತಗೋತೀರೇನು?"

"ಇಲ್ಲ ಯವ್ವಾ. ಒಂದು ಗುಳಿಗಿನೂ ಇಲ್ಲ."

ಸುಳ್ಳು ಹೇಳಿದೆ ಎಂದು ನನಗೆ ಅನ್ನಿಸಲೇ ಇಲ್ಲ. ಔಷಧ ಎಂದರೆ ಗುಳಿಗೆ, ಇಂಜೆಕ್ಷನ್. ಅಕ್ಕನ ಪುಡಿ ಎಂದರೆ ಉಪ್ಪಿನಕಾಯಿ, ಹಪ್ಪಳದ ಹಾಗೆ ಊರಿನಿಂದ ಬರುವ ಸಾಮಾನು. ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಗುಳಿಗೆ ಕೊಟ್ಟರೂ ರಿಪೋರ್ಟಿನ ಅಂಕಿ ದಿನಾ ಏರುತ್ತಲೇ ಹೋಯಿತು. "ಹಿಂಗ ಏರಿದರ ಡಯಾಲಿಸಿಸ್ ಮಾಡಬೇಕಾಗ್ತದ," ಎಂದರು ಡಾಕ್ಟರು. ಅಷ್ಟು ವರ್ಷ ಮಷಿನ್ನು ಜೋಡಿಸಿದವನು ನಾನು; ಈಗ ಮಷಿನ್ನಿಗೆ ನನ್ನನ್ನೇ ಜೋಡಿಸುತ್ತಾರಂತೆ. ಇಷ್ಟಾದರೂ ನಾನೆಂಥ ಶತಮೂರ್ಖ ನೋಡಿ: ದಿಂಬಿನ ಕೆಳಗೆ ಪುಡಿಯ ಡಬ್ಬಿ ಇಟ್ಟುಕೊಂಡು, ಬೇಗ ಗುಣವಾಗಲಿ ಎಂದು ಅಲ್ಲಿಯೂ ಕುಡಿಯುತ್ತಿದ್ದೆ.

ನಾಲ್ಕನೇ ದಿನ ಅಕ್ಕ ಬಂದಳು. ಕಮಲಾಪುರದವರು ರೋಗಿಯನ್ನು ಬರಿಗೈಯಲ್ಲಿ ನೋಡುವುದಿಲ್ಲ. ತೋಟದ ಕೆಂಪು ಬಾಳೆಹಣ್ಣು ಚೀಲ ತುಂಬ ಇತ್ತು. ಅದೇ ಹೊತ್ತಿಗೆ ಬಂದ ಡಾಕ್ಟರು, "ಅಮ್ಮಾ, ಸದ್ಯಕ್ಕ ಇವರಿಗಿ ಬಾಳಿಹಣ್ಣು ಬ್ಯಾಡ್ರಿ. ಇವರ ಕಿಡ್ನಿ ಅದನ್ನ ತಡ್ಕೊಳ್ಳಂಗಿಲ್ಲ," ಎಂದರು.

"ನಮ್ಮ ತ್ವಾಟದ ಹಣ್ಣು ಬ್ಯಾಡಂತ?" ಅಕ್ಕನಿಗೆ ಸಿಟ್ಟೇ ಬಂತು. ಆ ಸಿಟ್ಟಿನಲ್ಲೇ ನನ್ನ ದಿಂಬು ಎತ್ತಿ ಕೊಡವಿದಳು. ಡಬ್ಬಿ ನೆಲಕ್ಕೆ ಬಿತ್ತು. ತನ್ನ ಕೈಯಾರೆ ತುಂಬಿಕೊಟ್ಟ ಡಬ್ಬಿ ಅವಳಿಗೆ ಗುರುತು ಸಿಗದೇ ಇದ್ದೀತೇ?

"ಇದು ಇನ್ನೂ ತಗೊಳಾಕತ್ತೀಯೇನು? ಎಷ್ಟು ದಿನ ಆತು?"

"ಐದು ತಿಂಗಳು," ಎಂದೆ.

ಡಾಕ್ಟರು ಡಬ್ಬಿ ಕೈಗೆ ತೆಗೆದುಕೊಂಡರು. "ಇದರಾಗ ಏನೇನ್ ಹಾಕೀರಿ, ಅಮ್ಮಾ?"

ಅಕ್ಕ ತುಟಿ ಬಿಗಿದಳು. "ಅದನ್ನ ಹೇಳಂಗಿಲ್ಲ ಯವ್ವಾ. ನಮ್ಮವ್ವಗ ಆಣಿ ಕೊಟ್ಟೀನಿ."

"ನನ್ನ ಜೀವ ಹೋಗಾಕತ್ತದ, ನಿನಗ ಆಣಿ ಚಿಂತಿ!" ಎಂದು ನಾನು ವಾರ್ಡಿಗೆಲ್ಲ ಕೇಳುವಂತೆ ಕೂಗಾಡಿದೆ. ಸುಳ್ಳು ಹೇಳಿ ಪುಡಿ ತಂದವನು ನಾನೇ ಎಂಬುದು ಆ ಕೂಗಾಟದಲ್ಲಿ ಮರೆತೇಹೋಗಿತ್ತು.

ಡಾಕ್ಟರು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಕ್ಕನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. "ನಮ್ಮ ಅಜ್ಜಿ, ನಾನಿ ಹತ್ರನೂ ಕೆಮ್ಮಿಗಿ ಮನಿಮದ್ದಿಂದು ಒಂದು ನುಸ್ಖಾ ಇತ್ತು, ಅಮ್ಮಾ. ಯಾರಿಗೂ ಹೇಳಲಿಲ್ಲ. ನಿಮ್ಮ ಕಷ್ಟ ನನಗ ತಿಳೀತದ. ಖರೇ, ಇವರಿಗಿ ಯಾವುದು ಕಾಡಾಕತ್ತದ ಅಂತ ಗೊತ್ತಾದ್ರ ನನಗ ದಾರಿ ಸಿಗ್ತದ."

ಅಕ್ಕ ಬಾಳೆಹಣ್ಣಿನ ಚೀಲವನ್ನು ಮಂಚದ ಕೆಳಗೆ ತಳ್ಳಿದಳು. ಆಮೇಲೆ ಡಾಕ್ಟರ ಕೈ ಹಿಡಿದು ಹೊರಗಿನ ವರಾಂಡಕ್ಕೆ ಕರೆದುಕೊಂಡು ಹೋದಳು. ಕಿಟಕಿಯಿಂದ ನನಗೆ ಕಂಡದ್ದು ಅವಳ ಬೆರಳುಗಳು ಮಾತ್ರ. ಒಂದು ಮಡಚಿದಳು, ಎರಡು, ಮೂರು. ನಾಲ್ಕನೆಯದಕ್ಕೆ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ನಾಲ್ಕನೆಯ ಬೇರನ್ನು ಅವ್ವ ಹೊಲದ ಬದುವಿನಲ್ಲಿ ತಾನೇ ಅಗೆದು ತರುತ್ತಿದ್ದಳಂತೆ. ಬದು ಹೋಗಿ ಬಾಳೆ ಬಂದ ಮೇಲೆ ಅಕ್ಕ ಅದನ್ನು ಸಂತೆಯಲ್ಲಿ ಒಣಗಿದ್ದು ಕೊಳ್ಳತೊಡಗಿದ್ದಳು; ನೋಡಲು ಹಾಗೇ ಇದೆ ಎಂದು ನಂಬಿದ್ದಳು. ಕಿಡ್ನಿ ಕೆಡಿಸಿದ್ದು ಸಂತೆಯಿಂದ ಬಂದ ಬೇರಾವುದೋ ಗಿಡದ ಬೇರೋ, ನನ್ನ ಐದು ತಿಂಗಳ ದುರಾಸೆಯೋ, ಎರಡೂ ಕೂಡಿಯೋ, ಗ್ಯಾರಂಟಿಯಾಗಿ ಹೇಳಲಾಗದು ಎಂದರು ಡಾಕ್ಟರು. ಪುಡಿ ನಿಂತಿತು, ಚಿಕಿತ್ಸೆ ಬದಲಾಯಿತು. ಮೂರು ದಿನ ಅಂಕಿ ಅಲ್ಲೇ ನಿಂತಿತ್ತು. ನಾಲ್ಕನೇ ದಿನ ಇಳಿಯಿತು. ಡಯಾಲಿಸಿಸ್ ಬೇಕಾಗಲಿಲ್ಲ. ರಿಪೋರ್ಟು ಹಿಡಿದು ನಾನು ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಎರಡು ತಿಂಗಳ ಮೇಲೆ ಕಮಲಾಪುರಕ್ಕೆ ಹೋದೆ. ಕಿಡ್ನಿ ಪೂರ್ತಿ ಮೊದಲಿನಂತೆ ಆಗಿರಲಿಲ್ಲ. ಉಪ್ಪು ಕಡಿಮೆ, ಆಗಾಗ ರಕ್ತಪರೀಕ್ಷೆ. ಆದರೆ ನನ್ನ ಕಾಲ ಮೇಲೆ ನಾನೇ ನಡೆದು ಹೋದೆ. ಅಕ್ಕನ ಮನೆಯ ಕಟ್ಟೆಯ ಮೇಲೆ ಮಹಾಗಾಂವದ ಮೂವರು ಹೆಂಗಸರು ಪುಡಿಗಾಗಿ ಕಾಯುತ್ತಿದ್ದರು. ಅಕ್ಕ ಹೊರಗೆ ಬಂದಳು. ಕೈಯಲ್ಲಿ ಡಬ್ಬಿ ಇರಲಿಲ್ಲ. ಕಟ್ಟೆಯ ತುದಿಯಲ್ಲಿ ನಿಂತು, ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ, ಐದೂ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಿದಳು. ನಾನೂ ಅವನ್ನು ಕೇಳಿದ್ದು ಅದೇ ಮೊದಲು. ಇಲ್ಲಿ ಮಾತ್ರ ಬರೆಯುವುದಿಲ್ಲ. ನನ್ನಂಥವನೊಬ್ಬ ಓದಿ ಕುಟ್ಟಲು ಕೂತರೆ ಕಷ್ಟ.

"ಅಯ್ಯ, ಹೆಸರ ಹೇಳಿಬಿಟ್ಟೆಲ್ಲಬೇ! ಗುಣ ಹೋತಲ್ಲ!" ಎಂದು ಒಬ್ಬಾಕೆ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಹೋಗಲಿ ಅಂತೇ ಹೇಳೀನಿ," ಎಂದಳು ಅಕ್ಕ. "ಇನ್ನ ಯಾರೂ ಬೇಡಂಗಿಲ್ಲ, ನಾನೂ ಕೊಡಂಗಿಲ್ಲ. ಕಾಲು ನೋವಿದ್ರ ದವಾಖಾನಿಗಿ ಹೋಗ್ರಿ."

ಅವರು ಗೊಣಗುತ್ತ ಎದ್ದು ಹೋದರು. ಅಷ್ಟು ವರ್ಷ ಊರು ಅವಳಿಗೆ ಕೊಟ್ಟಿದ್ದ ಮರ್ಯಾದೆಯೂ ಅವರ ಜೊತೆಗೇ ಹೋಯಿತೆನ್ನಿಸಿ ನನಗೆ ಸಂಕಟವಾಯಿತು.

"ಅವ್ವಗ ಏನಂತ ಹೇಳ್ತಿ?" ಎಂದು ಕೇಳಿದೆ.

ಅಕ್ಕ ಒಂದು ಕೆಂಪು ಬಾಳೆಹಣ್ಣು ಸುಲಿದು, ಮುಕ್ಕಾಲು ತಾನೇ ತಿಂದು, ಡಾಕ್ಟರು ಆಮೇಲೆ ಒಪ್ಪಿದ್ದಷ್ಟೇ ಚೂರನ್ನು ನನ್ನ ಅಂಗೈಗೆ ಹಾಕಿದಳು.

"ಹೇಳೋದೇನದ? ನಿನ್ನ ಮಗ ಉಳದಾನ ಅಂತೀನಿ."