ಸೋಮಮ್ಮ ಸಹಿ ಹಾಕಲಿಲ್ಲ

ಹುಣಸೂರಿನಿಂದ ಗುರುಪುರಕ್ಕೆ ಬಂದವರು ಸೋಮಮ್ಮನ ಮನೆ ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಬೀದಿ ತುದಿಯಲ್ಲಿ ನಿಂತು ಜೋರಾಗಿ ಒಂದು ಸಲ ಕೆಮ್ಮಿದರೆ ಸಾಕು, ಹದಿನೆಂಟು ಟರ್ಕಿ ಕೋಳಿಗಳು ಒಟ್ಟಿಗೆ ಗೊಳಗೊಳ ಅಂತ ಓಗೊಡುತ್ತವೆ. ಸದ್ದು ಬಂದ ಕಡೆ ನಡೆದರೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಅದರ ನೆರಳಲ್ಲಿ ಹಾಸಿದ ಗೋಣಿಚೀಲ, ಚೀಲದ ಮೇಲೆ ಕಾಲು ಚಾಚಿ ಕೂತ ಸೋಮಮ್ಮ. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಬ್ಲೇಡು, ಮಡಿಲ ತುಂಬ ಪುಕ್ಕ.

ಸಿಟ್ಟಿನ ಹೆಂಗಸು ಅಂತ ಊರಿನವರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಹಾಲು ಒಡೆದರೆ, ಬಸ್ಸು ತಪ್ಪಿದರೆ, ಗಂಡ ಸಣ್ಣಯ್ಯ ಸಂತೆಗೆ ಹೋಗಿ ಉಪ್ಪನ್ನೇ ಮರೆತು ಬಂದರೆ ಆಕೆ ನಕ್ಕು ಸುಮ್ಮನಾಗುತ್ತಾಳೆ. ಆದರೆ ಮಾಡದ ತಪ್ಪನ್ನು ಮಾಡಿದೆ ಅಂದರೋ, ಅಲ್ಲಿಗೆ ಮುಗಿಯಿತು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಸೀಮೆಸುಣ್ಣ ಕದ್ದವಳು ನೀನೇ ಅಂದಿದ್ದಕ್ಕೆ ಮೂರು ದಿನ ಶಾಲೆಯ ಜಗಲಿಯ ಮೇಲೆ ಕೂತಿದ್ದಳಂತೆ, ಒಳಗೂ ಹೋಗದೆ ಮನೆಗೂ ಹೋಗದೆ. ಅವ್ವ ಅಲ್ಲಿಗೇ ಬುತ್ತಿ ತಂದುಕೊಡುತ್ತಿದ್ದಳಂತೆ. ಮೇಷ್ಟ್ರು ಏನು ಮಾಡಿದರು ಅಂತ ಕೇಳಿದರೆ, ವರ್ಗ ಮಾಡಿಸ್ಕೊಂಡು ಒಂಟೋದ್ರು, ಅನ್ನುತ್ತಾಳೆ.

ಪುಕ್ಕದ ಕೆಲಸ ಆಕೆಗೆ ಹತ್ತಿದ್ದು ಟಿಬೆಟನ್ ಕ್ಯಾಂಪಿನಿಂದ. ಅಲ್ಲಿಯ ಒಬ್ಬ ಮುದುಕರು ಅವರ ಹಬ್ಬದ ಬಿಲ್ಲಾಟಕ್ಕೆ ಬಾಣ ಕಟ್ಟುತ್ತಿದ್ದರು. ಟರ್ಕಿಯ ರೆಕ್ಕೆ ಪುಕ್ಕ ಬೇಕು ಅಂತ ಹುಡುಕಿಕೊಂಡು ಬಂದವರು, ಬಂದಾಗಲೆಲ್ಲ ಜಗಲಿಯ ಮೇಲೆ ಕೂತು ಹೇಗೆ ಅಂತ ತೋರಿಸಿಕೊಟ್ಟರು. ಪುಕ್ಕದ ಕಡ್ಡಿಯನ್ನು ಉದ್ದಕ್ಕೆ ಸೀಳಬೇಕು, ಅಗಲದ ಕಡೆಯದನ್ನು ಇಟ್ಟುಕೊಳ್ಳಬೇಕು, ಬುಡವನ್ನು ಕಲ್ಲಿಗೆ ಉಜ್ಜಿ ತೆಳುವಾಗಿಸಬೇಕು, ನಾಲ್ಕು ಬೆರಳಿನಷ್ಟು ಕತ್ತರಿಸಬೇಕು. ಒಂದು ಬಾಣಕ್ಕೆ ಮೂರು ಪುಕ್ಕ. ಮೂರೂ ಒಂದೇ ಕಡೆಯ ರೆಕ್ಕೆಯವು ಆಗಿರಬೇಕು. ಎಡದ ರೆಕ್ಕೆಯ ಪುಕ್ಕ ಒಂದು ಕಡೆಗೆ ಬಾಗಿರುತ್ತದೆ, ಬಲದ್ದು ಇನ್ನೊಂದು ಕಡೆಗೆ. ಎರಡನ್ನೂ ಬೆರೆಸಿ ಅಂಟಿಸಿದರೆ ಬಾಣ ಕುಡಿದವನ ಹಾಗೆ ತೂರಾಡುತ್ತದೆ. ಮೂವತ್ತು ವರ್ಷ ಹೊಗೆಸೊಪ್ಪಿನ ಎಲೆಯನ್ನು ಬಣ್ಣ ನೋಡಿ, ಮುಟ್ಟಿ ವಿಂಗಡಿಸಿದ ಕೈಗೆ ಇದೇನು ಮಹಾ? ಬಿಸ್ಕತ್ತಿನ ಎರಡು ಡಬ್ಬ ಇಟ್ಟಳು, ಒಂದು ಎಡದ್ದು, ಒಂದು ಬಲದ್ದು.

ಟೇಪು ಮಾತ್ರ ಆಕೆಯ ಸ್ವಂತ ಬುದ್ಧಿ. ಮುದುಕರು ಅಂಟು ಹಚ್ಚಿ, ದಾರ ಸುತ್ತಿ, ಒಣಗಲಿ ಅಂತ ಒಂದು ದಿನ ಕಾಯುತ್ತಿದ್ದರು. ಹುಣಸೂರಿನ ಫೋಟೋ ಫ್ರೇಮಿನ ಅಂಗಡಿಯಲ್ಲಿ ಎರಡೂ ಮೈ ಅಂಟುವ ಕಾಗದದ ಟೇಪನ್ನು ಸೋಮಮ್ಮ ನೋಡಿದ್ದಳು. ಒಂದು ಸುರುಳಿ ತಂದು, ಗೋಧಿ ಹುಲ್ಲಿನಷ್ಟು ಸಣ್ಣಗೆ ಕತ್ತರಿಸಿ, ಪುಕ್ಕದ ಬುಡಕ್ಕೆ ಒತ್ತಿ, ಮೇಲಿನ ಕಾಗದ ಸುಲಿದು ಬಾಣದ ಕಡ್ಡಿಗೆ ಕೂರಿಸಿದಳು. ಕ್ಷಣದಲ್ಲಿ ಹಿಡಿಯಿತು. ಮಕ್ಕಳ ಅಭ್ಯಾಸದ ಬಾಣಕ್ಕೆ ಇದಕ್ಕಿಂತ ಬೇರೆ ಬೇಕಾಗಿಲ್ಲ. ಪುಕ್ಕ ಹರಿದರೆ ಕಿತ್ತು ಎಸೆದು ಹೊಸದು ಅಂಟಿಸಿದರಾಯಿತು. ತೇವಕ್ಕೆ ಮಾತ್ರ ತಡೆಯುವುದಿಲ್ಲ. ಮುದುಕರು ನಕ್ಕರು, ತಲೆಯಾಡಿಸಿದರು, ತಮ್ಮ ಬಾಣಕ್ಕೆ ತಾವು ದಾರವನ್ನೇ ಸುತ್ತಿಕೊಂಡರು.

ಅಂತರಸಂತೆ ದಾಟಿ ಕಾಡಿನಂಚಿನ ಹೆಣ್ಣುಮಕ್ಕಳ ಹಾಸ್ಟೆಲ್ ಶಾಲೆಯಲ್ಲಿ ಪದ್ಮಶ್ರೀ ಅಂತ ಆಟದ ಮೇಡಂ. ಯಾರೋ ಕೊಟ್ಟ ಹಳೆಯ ಬಿಲ್ಲುಗಳನ್ನು ಇಟ್ಟುಕೊಂಡು ಹುಡುಗಿಯರಿಗೆ ಬಿಲ್ಲುಗಾರಿಕೆ ಕಲಿಸುವ ಛಲ ಆಕೆಯದು. ಬಾಣಗಳ ಪ್ಲಾಸ್ಟಿಕ್ ಗರಿಗಳು ಕಿತ್ತುಹೋದಾಗ ಕೇಳಿಕೊಂಡು ಕೇಳಿಕೊಂಡು ಸೋಮಮ್ಮನ ಬ್ಯಾರನ್ನಿಗೆ ಬಂದಳು. ಅಲ್ಲಿಂದ ಎರಡು ವರ್ಷ, ಪುಕ್ಕ ಹರಿದ ಬಾಣಗಳನ್ನು ಮೇಡಮ್ಮೇ ತಂದುಕೊಟ್ಟು ಮೇಡಮ್ಮೇ ಒಯ್ಯುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಒಂದು ಸಲ ಆಗಲಿಲ್ಲ. ಮಾರನೆಯ ದಿನ ಮೈಸೂರಿನಲ್ಲಿ ಹುಡುಗಿಯರ ಆಯ್ಕೆ, ಇಲ್ಲಿ ಬಿಟ್ಟು ಬರುವ ಹಾಗಿಲ್ಲ, ಅಮ್ಮ ನೀವೇ ತಂದುಕೊಡಿ ಅಂತ ಫೋನು ಮಾಡಿದಳು. ಸೋಮಮ್ಮ ಹನ್ನೆರಡು ಬಾಣಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿದಳು. ದಾರಿಯಲ್ಲಿ ಒಂದೆರಡು ಕಿತ್ತರೆ ಇರಲಿ ಅಂತ ಬಿಡಿ ಪುಕ್ಕಗಳ ಒಂದು ಕವರು, ಟೇಪಿನ ಸುರುಳಿ, ಬ್ಲೇಡು. ಕೋಟೆ ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸು ಬದಲಾಯಿಸಿ ಕಿಟಕಿಯ ಪಕ್ಕ ಕೂತಳು.

ಕಾಡು ಶುರುವಾಗುವ ಕಡೆ ಒಂದು ಚೆಕ್‌ಪೋಸ್ಟು. ಯಾವುದು ಅಂತ ಹೆಸರು ಹೇಳುವುದು ಬೇಡ. ಬಸ್ಸು ಹತ್ತಿ ಬ್ಯಾಗುಗಳನ್ನು ನೋಡುತ್ತಾ ಬಂದ ಗಾರ್ಡು ಧರ್ಮೇಂದ್ರ ಹೊಸಬ, ಯೂನಿಫಾರ್ಮಿನ ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ. ಚೀಲ ಬಿಚ್ಚಿದವನ ಕಣ್ಣು ದೊಡ್ಡದಾಯಿತು. ಕಪ್ಪು ಬಿಳುಪು ಪಟ್ಟೆಯ ಮೂವತ್ತಾರು ಗರಿ, ಕವರಿನಲ್ಲಿ ಇನ್ನಷ್ಟು. ಹದ್ದಿನ ಗರಿ, ಬೇಟೆ ಬಾಣ ಅಂತ ಬಸ್ಸಿನವರಿಗೆಲ್ಲ ಕೇಳುವ ಹಾಗೆ ಹೇಳಿ ಇಳಿಸಿದ.

"ಅದ್ದು ನಮ್ಮನೆ ಕೋಳಿಮರಿ ಒತ್ಕೊಂಡೋಯ್ತದೆ ಕಣಪ್ಪ, ಪುಕ್ಕ ಕೊಟ್ಟೋಗಲ್ಲ," ಅಂದಳು ಸೋಮಮ್ಮ.

ಬಸ್ಸು ನಕ್ಕಿತು. ನಕ್ಕ ಬಸ್ಸು ಆಕೆಯನ್ನು ಅಲ್ಲೇ ಬಿಟ್ಟು ಹೋಯಿತು. ಅಷ್ಟು ಜನರಲ್ಲಿ ಒಬ್ಬರಾದರೂ, ಅಯ್ಯೋ ಇವರು ಅಂಥವರಲ್ಲ ಅಂತ ಅನ್ನಲಿಲ್ಲ. ಕಿಟಕಿಯಿಂದ ಒಬ್ಬ ಹೆಂಗಸು ಮಾತ್ರ ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳುತ್ತಾ ತನ್ನ ಕಡೆ ಕೈ ತೋರಿಸಿದ್ದನ್ನು ಸೋಮಮ್ಮ ನೋಡಿದಳು. ಸಿಟ್ಟು ಏರಿದ್ದು ಆಗ.

ಒಳಗೆ ಫಾರೆಸ್ಟರ್ ನಟರಾಜು ಟೀ ಕುಡಿಯುತ್ತಾ ಕೂತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ, ಕೆಟ್ಟವರೇನಲ್ಲ, ಬೆಳಗಿನಿಂದ ಆನೆ ಓಡಿಸಿ ಸುಸ್ತಾಗಿದ್ದರು. ಸೋಮಮ್ಮ ಎಲ್ಲವನ್ನೂ ಹೇಳಿದಳು. ಟರ್ಕಿ ಅಂದಳು, ಕ್ಯಾಂಪು ಅಂದಳು, ಮೇಡಂ ಅಂದಳು. ಮೇಡಮ್ಮಿಗೆ ಫೋನು ಮಾಡಿ ಅಂದರೆ ಆ ಜಾಗದಲ್ಲಿ ಒಂದು ಗೆರೆ ಸಿಗ್ನಲ್ಲೂ ಇಲ್ಲ. ಬಾಣದ ತುದಿ ನೋಡಿ ಸಾರ್, ಮೊಂಡು, ಇದರಿಂದ ಮೊಲವೂ ಸಾಯುವುದಿಲ್ಲ ಅಂದಳು. ತುದಿ ಬದಲಾಯಿಸಬಹುದಲ್ಲ ಅಂದರು ಅವರು. ಆಕೆ ಮಾತಾಡುತ್ತಿದ್ದ ಹಾಗೆಯೇ ಧರ್ಮೇಂದ್ರ ನಾಲ್ಕು ಬಾಣಗಳ ಗರಿಗಳನ್ನು ಟೇಪಿನ ಸಮೇತ ಪಟಪಟನೆ ಕಿತ್ತು, ಸ್ಯಾಂಪಲ್ಲು ಅಂತ ಕವರಿಗೆ ತುಂಬಿದ. ಎಡ ಬಲ ಎಲ್ಲ ಒಂದಾಯಿತು.

ನಟರಾಜು ರಿಜಿಸ್ಟರಿನಲ್ಲಿ ಸೋಮಮ್ಮ, ಗಂಡ ಸಣ್ಣಯ್ಯ, ಗುರುಪುರ ಅಂತ ಬರೆದರು. ಆಮೇಲೆ ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಗೀಚಿ ಆಕೆಯ ಮುಂದೆ ತಳ್ಳಿದರು. ಸೋಮಮ್ಮ ಬೆರಳಿಟ್ಟುಕೊಂಡು ಓದಿದಳು. ವನ್ಯಪಕ್ಷಿಯ ಗರಿ ಹಾಗೂ ಬೇಟೆ ಸಾಮಾನು ಸಾಗಿಸಿದ್ದು ನಿಜ, ಇದು ನನ್ನ ಮೊದಲ ತಪ್ಪು, ಮುಂದೆ ಹೀಗೆ ಮಾಡುವುದಿಲ್ಲ ಅಂತಿತ್ತು.

"ಸಹಿ ಹಾಕ್ಬುಟ್ಟು ಬಾಣ ತಗೊಂಡು ಹೋಗಮ್ಮ. ಎರಡು ಗಂಟೆ ಬಸ್ಸು ಸಿಕ್ತದೆ. ಏನೂ ಆಗಲ್ಲ."

"ಏನೂ ಆಗಲ್ಲ ಅಂದ್ರೆ ಸಹಿ ಯಾಕ್ ಬೇಕು ಸಾರ್?"

ಆಕೆಗೆ ಮೈದುನ ಮಂಟಯ್ಯ ನೆನಪಾಗಿದ್ದ. ಹೊಲದ ಬದುವಿನಲ್ಲಿ ಜಿಂಕೆ ಉದುರಿಸಿ ಹೋದ ಒಂದು ಕೊಂಬು ಬಿದ್ದಿತ್ತು. ಅದನ್ನು ತಂದು ಗೋಡೆಗೆ ನೇತುಹಾಕಿ ಅಂಗಿ ಸಿಕ್ಕಿಸುತ್ತಿದ್ದ. ಯಾರೋ ಫಾರೆಸ್ಟಿನವರು ಬಂದರು, ಸುಮ್ಮನೆ ಒಂದು ಸಹಿ, ಏನೂ ಆಗಲ್ಲ ಅಂದರು. ಹನ್ನೊಂದು ವರ್ಷ ಕೋರ್ಟಿಗೆ ಅಲೆದ. ಬಿಡುಗಡೆಯೇನೋ ಆಯಿತು, ಅಷ್ಟರಲ್ಲಿ ಊರಿನ ಬಾಯಲ್ಲಿ ಅವನು ಕೊಂಬಿನ ಮಂಟಯ್ಯನೇ ಆಗಿಹೋಗಿದ್ದ. ಅವನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಕೇಳಿದ ಮೊದಲ ಮಾತೂ ಅದೇ.

ಹೊರಗೆ ಎರಡು ಗಂಟೆಯ ಬಸ್ಸು ಬಂದು ಹಾರನ್ನು ಹೊಡೆಯಿತು. ಶಾಲೆಯಲ್ಲಿ ಹುಡುಗಿಯರು ಬರೀ ಬಿಲ್ಲು ಹಿಡಿದು ಕಾಯುತ್ತಿದ್ದಾರೆ. ಒಂದು ಗೀಟು ಎಳೆದರೆ ಸಾಕು, ಮೂರು ಗಂಟೆಗೆ ಬಾಣ ಅವರ ಕೈಯಲ್ಲಿರುತ್ತದೆ. ಸೋಮಮ್ಮ ಪೆನ್ನನ್ನು ಕೈಗೂ ತೆಗೆದುಕೊಂಡಳು. ತೆಗೆದುಕೊಂಡವಳು ಹಾಗೆಯೇ ಕ್ಯಾಪು ಮುಚ್ಚಿ ಮೇಜಿನ ಮೇಲಿಟ್ಟಳು. ಬಸ್ಸು ಹೋಯಿತು.

"ಒಂದು ಚೊಂಬು ನೀರು ಕೊಡಪ್ಪ," ಅಂದಳು ಧರ್ಮೇಂದ್ರನಿಗೆ.

ಬಾಯಾರಿರಬೇಕು ಅಂತ ಅವನು ತಂದುಕೊಟ್ಟ. ಆಕೆ ಕುಡಿಯಲಿಲ್ಲ. ಉಳಿದ ಎಂಟರಲ್ಲಿ ಒಂದು ಒಳ್ಳೆಯ ಬಾಣ ಆರಿಸಿ, ಪುಕ್ಕದ ಕಡೆಯನ್ನು ಚೊಂಬಿನಲ್ಲಿ ಅದ್ದಿ ಹಿಡಿದಳು. ತಾನೇ ಕೂರಿಸಿದ್ದನ್ನು ತಾನೇ ಹಾಳು ಮಾಡಬೇಕಾಯಿತಲ್ಲ ಅನ್ನಿಸಿದರೂ ಕೈ ತೆಗೆಯಲಿಲ್ಲ. ನಟರಾಜು ಟೀ ಲೋಟ ಕೆಳಗಿಟ್ಟು ನೋಡುತ್ತಾ ಕೂತರು. ಟೀ ಆರುವಷ್ಟು ಹೊತ್ತಿಗೆ ಆಕೆ ಬಾಣವನ್ನು ಎತ್ತಿ ಕೊಡವಿದಳು. ಒಂದು ಪುಕ್ಕ ಅವರ ರಿಜಿಸ್ಟರಿನ ಮೇಲೆಯೇ ಬಿತ್ತು. ಇನ್ನೊಂದು ಜೋತಾಡುತ್ತಿತ್ತು.

"ನಲವತ್ತು ವರ್ಷ ಕಾಡಲ್ಲಿ ತಿರುಗಿದ್ದೀರಿ ಸಾರ್, ಹೊತ್ತುಟ್ಟೋ ಮುಂಚೆ ಕಾಡಲ್ಲಿ ಮಂಜು ಎಷ್ಟು ಬೀಳ್ತದೆ ಅಂತ ನಿಮಗೆ ನಾನು ಹೇಳ್ಬೇಕಾ? ಹತ್ತು ಹೆಜ್ಜೆ ಹುಲ್ಲಲ್ಲಿ ಹೋದ್ರೆ ನನ್ ಟೇಪು ಬಿಚ್ಕೊಂಡು ನೆಲಕ್ ಬೀಳ್ತದೆ. ಬೇಟೆಯವನು ದಾರ ಸುತ್ತುತಾನೆ, ಮೇಣ ಹಚ್ತಾನೆ. ಫೋಟೋ ಅಂಟಿಸೋ ಟೇಪು ಹಾಕ್ಕೊಂಡು ಯಾವನ್ ಸಾರ್ ಜಿಂಕೆ ಹೊಡಿಯಕ್ ಓಯ್ತಾನೆ?"

ನಟರಾಜು ಬಿದ್ದ ಪುಕ್ಕವನ್ನು ಎತ್ತಿ, ಬುಡದಲ್ಲಿ ಮೆತ್ತಗಾದ ಟೇಪನ್ನು ಉಗುರಿನಿಂದ ಕೆರೆದರು. ಮುಖದಲ್ಲಿ ನಗು ಬರುವುದೋ ಬೇಡವೋ ಅಂತ ನಿಂತಿತ್ತು. ಬಿಳಿ ಹಾಳೆಯನ್ನು ಮಡಿಸಿ ಹರಿದು ಹಾಕಿದರು. ಆಯ್ತು, ಹೋಗಿ ಬನ್ನಿ ಅಂದರು. ನೀನು ನೀವಾಗಿತ್ತು.

ಸೋಮಮ್ಮ ಎದ್ದೇಳಲಿಲ್ಲ. ಪುಸ್ತಕದಲ್ಲಿ ಬರೆದ ನನ್ನ ಹೆಸರು ಅಂದಳು. ಅದು ಅಲ್ಲೇ ಇದ್ದರೆ ಏನಂತೆ, ಯಾರು ನೋಡುತ್ತಾರೆ ಅಂದರು. ಯಾರೂ ನೋಡದ್ದನ್ನು ಬರೆದಿದ್ದೇಕೆ ಅಂತ ಆಕೆ ಕೇಳಿದಳು. ಹೊಡೆದು ಹಾಕಿದರೆ ಸಾಲದು, ಏನಾಯಿತು ಅಂತ ಕೆಳಗೆ ಬರೆದು ನಿಮ್ಮ ಸಹಿ ಹಾಕಿ ಅಂದಳು. ನಟರಾಜು ದೊಡ್ಡ ಉಸಿರು ಬಿಟ್ಟು ಬರೆದರು, ಆಕೆಯ ಕಡೆ ತಿರುಗಿಸಿದರು. ಪರಿಶೀಲಿಸಲಾಗಿ ಗರಿಗಳು ಸಾಕಿದ ಟರ್ಕಿ ಕೋಳಿಯವು, ಬಾಣಗಳು ಶಾಲೆಯ ಆಟದವು, ಎಚ್ಚರಿಕೆ ನೀಡಿ ಬಿಡಲಾಗಿದೆ.

ಸೋಮಮ್ಮನ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು.

"ಯಾವುದಕ್ಕೆ ಸಾರ್ ಎಚ್ಚರಿಕೆ?"

ಅದು ಬರೆಯುವ ಪದ್ಧತಿ ಅಂದರು ನಟರಾಜು.

"ತಪ್ಪು ಮಾಡಿದೋರಿಗೆ ಪದ್ಧತಿ. ನಾನೇನ್ ಮಾಡ್ದೆ? ನಾನು ಕಳ್ಳಿ ಅಲ್ಲ ಅಂತ ನಾನೇ ತೋರಿಸ್ಬೇಕಾಯ್ತು, ನನ್ ಬಾಣನ ನಾನೇ ನೆನೆಸ್ಬೇಕಾಯ್ತು. ಕಳ್ಳಿ ಅಂತ ತೋರಿಸ್ಬೇಕಾಗಿದ್ದು ನೀವು. ಎಚ್ಚರಿಕೆ ಬರಿಯೋದಾದ್ರೆ ನಿಮ್ಮ ಹುಡುಗುನ್ಗೆ ಬರೀರಿ."

ಧರ್ಮೇಂದ್ರ ಬಾಗಿಲ ಕಡೆ ನೋಡಿದ. ನಟರಾಜು ಆ ಎರಡು ಪದಗಳ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಚಿಕ್ಕದಾಗಿ ಸಹಿ ಹಾಕಿದರು. ಈಗ 'ಬಿಡಲಾಗಿದೆ' ಅಂತಷ್ಟೇ ಉಳಿಯಿತು. ಸೋಮಮ್ಮ ಇನ್ನೊಂದು ಸಲ ಮೊದಲಿನಿಂದ ಓದಿ ತಲೆಯಾಡಿಸಿದಳು.

ಆಮೇಲೆ ಅಲ್ಲೇ, ಸರ್ಕಾರದ ಬೆಂಚಿನ ಮೇಲೆ, ಸೆರಗು ಹಾಸಿ ಕೂತಳು. ಹಾಳಾದ ಬಾಣ ಐದು. ಬೆರೆತುಹೋದ ಪುಕ್ಕಗಳನ್ನು ಒಂದೊಂದಾಗಿ ಎತ್ತಿ, ಬೆರಳಲ್ಲಿ ಸವರಿ, ಎಡದ್ದು ಇಲ್ಲಿ ಬಲದ್ದು ಅಲ್ಲಿ ಅಂತ ಗುಡ್ಡೆ ಮಾಡಿದಳು. ಧರ್ಮೇಂದ್ರನಿಗೆ ಸುಮ್ಮನೆ ನಿಲ್ಲಲು ಆಗಲಿಲ್ಲ, ನಾನು ಟೇಪು ಕತ್ತರಿಸಿಕೊಡಲಾ ಅಂದ. ಆಕೆ ಬ್ಲೇಡು ಕೊಟ್ಟಳು. ಅವನು ಅಗಲವಾಗಿ ಕತ್ತರಿಸಿದ್ದನ್ನು ವಾಪಸು ಕೊಟ್ಟಳು. ಮೂರನೆಯದು ಸರಿಯಾಗಿ ಬಂತು. ನಾಲ್ಕು ಗಂಟೆಗೆ ನಟರಾಜು ಅವನ ಬೈಕಿನಲ್ಲೇ ಆಕೆಯನ್ನು ಶಾಲೆಗೆ ಬಿಡಲು ಹೇಳಿದರು. ದಾರಿಯಲ್ಲಿ ಅವನು ಎರಡು ಸಲ ಸಾರಿ ಅಮ್ಮ ಅಂದ. ಹಿಂದೆ ಕೂತವಳು, ರೋಡ್ ನೋಡ್ಕೊಂಡ್ ಓಡ್ಸು, ಅಂದಳಷ್ಟೆ. ಸಿಟ್ಟು ಇಳಿದಿತ್ತು ಅಂತ ಯಾರಾದರೂ ತಿಳಿದುಕೊಂಡರೆ ಸೋಮಮ್ಮ ಅವರಿಗೆ ಗೊತ್ತಿಲ್ಲ ಅಂತಲೇ ಅರ್ಥ.

ಮೇಡಂಗೆ ಈಗಲೂ ಗುರುಪುರಕ್ಕೆ ಬರಲು ಬಿಡುವಿದೆ. ಸೋಮಮ್ಮನೇ ಬಿಡುವುದಿಲ್ಲ, ನಾನೇ ತತ್ತೀನಿ ಬುಡು ಅನ್ನುತ್ತಾಳೆ. ಪ್ರತಿ ಸಲವೂ ಚೆಕ್‌ಪೋಸ್ಟಿನಲ್ಲಿ ಯಾರೂ ಬಸ್ಸು ಹತ್ತುವ ಮೊದಲೇ ತಾನೇ ಇಳಿಯುತ್ತಾಳೆ, ಮೇಜಿನ ಮೇಲೆ ಬಾಣಗಳನ್ನು ಹರಡುತ್ತಾಳೆ, ಎಣಿಸಿ ಬರೆಯಿಸುತ್ತಾಳೆ, ಬರೆದವರ ಸಹಿ ಹಾಕಿಸುತ್ತಾಳೆ, ಪೂರ್ತಿ ಓದಿದ ಮೇಲೆಯೇ ಏಳುತ್ತಾಳೆ. ಅಲ್ಲಿಯವರೆಗೂ ಗೇಟು ಎತ್ತುವುದಿಲ್ಲ, ಬಸ್ಸು ನಿಂತಿರುತ್ತದೆ. ಕಂಡಕ್ಟರ್ ಒಮ್ಮೆ ಲೇಟಾಯ್ತು ಅಂತ ಗೊಣಗಿದನಂತೆ. ಅವತ್ತು ಬಿಟ್ಟು ಹೋಗುವಾಗ ಬಸ್ಸಿನವರಿಗೆ ಅರ್ಜೆಂಟಿತ್ತು, ಇವತ್ತು ನನಗಿಲ್ಲ ಅಂದಳಂತೆ ಸೋಮಮ್ಮ, ಅಷ್ಟೂ ಜನಕ್ಕೆ ಕೇಳುವ ಹಾಗೆ.